ತರಗತಿಯಲ್ಲಿ ಕೆಲಸದ ನಡವಳಿಕೆ ಕಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹಗಲು ಆಫೀಸು, ಸಂಜೆ ಶಾಲೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹಗಲು ಕ್ಯಾಂಟೀನಿನಲ್ಲೋ, ಅಂಗಡಿಯಲ್ಲೋ, ಕೊರಿಯರ್ ಕೆಲಸದಲ್ಲೋ ಇರುವವರು. ಓದು ಅರ್ಧಕ್ಕೆ ಬಿಟ್ಟು, ಮತ್ತೆ ಓದೋಣ ಎಂದು ಬಂದವರೂ ಇದ್ದಾರೆ. ಶನಿವಾರ ಕಾಲೇಜು ಮಕ್ಕಳಿಗೂ ಒಂದು ತರಗತಿ ನಡೆಸುತ್ತೇವೆ. "ಸಾಫ್ಟ್ ಸ್ಕಿಲ್ಸ್ ಅಂತೀರಲ್ಲ, ಅದನ್ನ ಕ್ಲಾಸಲ್ಲಿ ಕಲಿಸೋದು ಹೇಗೆ?" ಎಂದು ಠಾಣೆ, ಡೊಂಬಿವಲಿ, ಮೀರಾ ರೋಡ್ ಕಡೆಯ ಶಿಕ್ಷಕರು, ತಂದೆ ತಾಯಂದಿರು ಕೇಳುತ್ತಲೇ ಇರುತ್ತಾರೆ. ಬಂದ ಪ್ರಶ್ನೆಗಳನ್ನೆಲ್ಲ ಒಟ್ಟು ಮಾಡಿ, ನಾವು ಮಾಡಿ ನೋಡಿದ್ದನ್ನೇ ಉತ್ತರವಾಗಿ ಬರೆದಿದ್ದೇನೆ.

ಸಾಫ್ಟ್ ಸ್ಕಿಲ್ಸ್ ಅಂದರೆ ಏನು?

ಈ ಹೆಸರು ಬಂದಿದ್ದು ಅಮೆರಿಕದ ಸೈನ್ಯದಿಂದ. ಯಂತ್ರ, ಆಯುಧ ನಡೆಸುವ ಕೆಲಸ ಒಂದು ಬಗೆ, ಜನರ ಜೊತೆ ಮತ್ತು ಕಾಗದಪತ್ರಗಳ ಜೊತೆ ಮಾಡುವ ಕೆಲಸ ಇನ್ನೊಂದು ಬಗೆ ಎಂದು ಅಲ್ಲಿನ ತರಬೇತುದಾರರು ವಿಂಗಡಿಸಿದರು. ಎರಡನೆಯದಕ್ಕೆ ಸಾಫ್ಟ್ ಸ್ಕಿಲ್ಸ್ ಎಂದು ಹೆಸರಿಟ್ಟರು. 1972ರಲ್ಲಿ ಇದಕ್ಕೆಂದೇ ಒಂದು ಸಮ್ಮೇಳನವನ್ನೂ ನಡೆಸಿದರು. ಮುಂದೆ 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಾಲಾ ಮಕ್ಕಳಿಗೆ ಬೇಕಾದ 10 ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ನಿರ್ಧಾರ ತೆಗೆದುಕೊಳ್ಳುವುದು, ಮಾತುಕತೆ, ಇನ್ನೊಬ್ಬರ ಕಷ್ಟ ತಿಳಿಯುವುದು, ಸಿಟ್ಟು ಸಂಭಾಳಿಸುವುದು, ಹೀಗೆ.

'ಮೃದು ಕೌಶಲ' ಎಂಬ ಅನುವಾದ ನನಗೆ ಹಿಡಿಸುವುದಿಲ್ಲ. ಏನೋ ಸುಲಭದ್ದು, ಮೇಲಿನ ಬಣ್ಣ ಎನ್ನುವ ಹಾಗೆ ಕೇಳುತ್ತದೆ. ನಾವು 'ಕೆಲಸದ ನಡವಳಿಕೆ' ಎನ್ನುತ್ತೇವೆ. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

ಪಟ್ಟಿ ಉದ್ದ ಇದೆಯಲ್ಲ. ಮೊದಲು ಯಾವುದನ್ನು ಕಲಿಸಬೇಕು?

ಸಮಯಕ್ಕೆ ಸರಿಯಾಗಿ ಬಾಯಿಬಿಟ್ಟು ಹೇಳುವುದನ್ನು. ಅರ್ಥವಾಗಲಿಲ್ಲ, ತಪ್ಪಾಯಿತು, ತಡವಾಗುತ್ತದೆ, ಇದು ನನ್ನಿಂದ ಆಗುವುದಿಲ್ಲ, ಸಹಾಯ ಬೇಕು. ಈ ಐದು ಮಾತುಗಳನ್ನು ಬೇಕಾದ ಹೊತ್ತಿಗೆ, ಬೇಕಾದವರ ಮುಂದೆ ಹೇಳಲು ಬಂದರೆ ಉಳಿದದ್ದು ನಿಧಾನಕ್ಕೆ ಬರುತ್ತದೆ. ಇದೊಂದು ಬರದಿದ್ದರೆ ಉಳಿದದ್ದೆಲ್ಲ ಇದ್ದೂ ಉಪಯೋಗವಿಲ್ಲ. ನಾನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ.

ನನ್ನ ಮೊದಲ ಕೆಲಸ ಫೋರ್ಟ್ ಕಡೆಯ ಒಂದು ಸಣ್ಣ ಆಫೀಸಿನಲ್ಲಿ. ಮೊದಲ ದಿನ ಸಾಹೇಬರು ಲೆಜರ್ ತೋರಿಸಿ, ಗುಜರಾತಿ ಬೆರೆತ ಹಿಂದಿಯಲ್ಲಿ ಏನೋ ವಿವರಿಸಿದರು. ಅರ್ಧ ಅರ್ಥವಾಯಿತು. ತಲೆ ಆಡಿಸಿದೆ. "ದೊಡ್ಡವರು ಹೇಳುವಾಗ ಎದುರು ಮಾತಾಡಬಾರದು" ಎಂದು ಕೇಳಿ ಬೆಳೆದವನು ನಾನು. ತಿರುಗಿ ಕೇಳುವುದೂ ಎದುರು ಮಾತಾಡಿದ ಹಾಗೇ ಎಂದುಕೊಂಡಿದ್ದೆ. ಮೂರು ವಾರ ಒಂದು ಕಾಲಂನ ಮೊತ್ತವನ್ನು ಪಕ್ಕದ ಕಾಲಂಗೆ ಏರಿಸುತ್ತಾ ಹೋದೆ. ತಿಂಗಳ ಕೊನೆಗೆ ಲೆಕ್ಕ ಕೂಡಲಿಲ್ಲ. ಇಬ್ಬರು ಹಿರಿಯ ಗುಮಾಸ್ತರು ನನಗಾಗಿ ರಾತ್ರಿ ಹತ್ತರವರೆಗೆ ಕೂತು ಸರಿಮಾಡಿದರು. ಅವರಲ್ಲಿ ಒಬ್ಬರಿಗೆ ಅಲ್ಲಿಂದ ಲೋಕಲ್ ಹಿಡಿದು ದೂರದ ಕಲ್ಯಾಣ ಊರಿಗೆ ಹೋಗಬೇಕಿತ್ತು. ಬೈಯಲಿಲ್ಲ. "ಮೊದಲ ದಿನವೇ ಕೇಳಿದ್ದರೆ ಎರಡು ನಿಮಿಷದ ಕೆಲಸ ಇದು" ಎಂದಷ್ಟೇ ಹೇಳಿದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನನ್ನ ಮಕ್ಕಳಿಗೆ ಹಾಗಾಗಬಾರದು ಎಂದೇ ಈ ಪಾಠ ಶುರು ಮಾಡಿದ್ದು.

ಅದನ್ನು ಕಲಿಸುವುದು ಹೇಗೆ? "ಹೇಳು, ಹೇಳು" ಎಂದರೆ ಮಕ್ಕಳು ಹೇಳುತ್ತಾರಾ?

ಹೇಳುವುದಿಲ್ಲ. ಅಭ್ಯಾಸ ಮಾಡಿಸಬೇಕು. ನಾವು ಮಾಡುವುದು ಎರಡು.

ಒಂದು, ತಿರುಗಿ ಹೇಳಿಸುವುದು. ಮನೆಗೆಲಸ ಕೊಟ್ಟ ಮೇಲೆ ಯಾರಾದರೊಬ್ಬರು ಎದ್ದು "ಅಂದರೆ ನಾವು ಮಾಡಬೇಕಾದ್ದು..." ಎಂದು ಶುರು ಮಾಡಿ, ಏನು, ಎಷ್ಟು, ಯಾವಾಗ ಎನ್ನುವುದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಇದು ಹೊಳೆದದ್ದು ಒಬ್ಬ ವಿದ್ಯಾರ್ಥಿಯಿಂದ. ಅವನು ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದ. ಬೀಜಗಣಿತದ ಹೊತ್ತಿಗೆ ಬಾಯಿಗೆ ಬೀಗ. ಒಂದು ದಿನ ಕೆಲಸದ ಬಗ್ಗೆ ಕೇಳಿದೆ. ಹನ್ನೊಂದು ಗಂಟೆಯ ಚಾ ಆರ್ಡರ್ ಹೇಗೆ ತೆಗೆದುಕೊಳ್ಳುತ್ತೀಯಾ ಎಂದಾಗ ಎದ್ದು ನಿಂತು, ಎಡಗೈ ಬೆರಳು ಮಡಚುತ್ತಾ ತೋರಿಸಿದ: "ನಾಲ್ಕನೇ ಮಾಳಿಗೆ. ಆರು ಕಟಿಂಗ್ ಚಾ, ಅದರಲ್ಲಿ ಎರಡು ಸಕ್ಕರೆ ಇಲ್ಲದ್ದು, ಒಂದು ಕಾಫಿ, ಒಂದು ಬಿಸಿನೀರು. ಸರಿ ಅಲ್ವಾ ಸಾಬ್?" ಕೊನೆಯ ಆ "ಸರಿ ಅಲ್ವಾ" ಕೇಳಿ ನಾನು ಸುಮ್ಮನೆ ನಿಂತುಬಿಟ್ಟೆ. ನಾನು ಕಲಿಸಬೇಕು ಎಂದುಕೊಂಡಿದ್ದು ಅವನಿಗೆ ಬರುತ್ತಿತ್ತು. ಅದು ಶಾಲೆಗೂ ಬೇಕು ಎಂದು ಮಾತ್ರ ಯಾರೂ ಹೇಳಿರಲಿಲ್ಲ. "ಚಾ ಆರ್ಡರ್ ಥರ ಈ ಲೆಕ್ಕವನ್ನೂ ತಿರುಗಿ ಹೇಳು ನೋಡೋಣ" ಎಂದೆ. ಹೇಳಿದ. ಎಲ್ಲಿ ತಪ್ಪುತ್ತಿದ್ದಾನೆ ಎಂದು ನನಗೂ ಗೊತ್ತಾಯಿತು, ಅವನಿಗೂ.

ಎರಡು, ಕೊನೆಯ ಐದು ನಿಮಿಷ. ಪ್ರತಿಯೊಬ್ಬರೂ ಪುಸ್ತಕದಲ್ಲಿ ಮೂರು ಸಾಲು ಬರೆಯುತ್ತಾರೆ: ಇವತ್ತು ಅರ್ಥವಾದದ್ದು, ಅರ್ಥವಾಗದ್ದು, ನಾಳೆಗೆ ಮುಗಿಸುತ್ತೇನೆ ಎಂದು ಒಪ್ಪಿಕೊಂಡದ್ದು. "ಅರ್ಥವಾಗದ್ದು" ಖಾಲಿ ಬಿಡುವ ಹಾಗಿಲ್ಲ. ಮೊದಲ ವಾರ ಎಲ್ಲರೂ "ಏನಿಲ್ಲ" ಎಂದು ಬರೆಯುತ್ತಾರೆ. ಎರಡನೇ ವಾರ ಒಬ್ಬಳು ಧೈರ್ಯ ಮಾಡುತ್ತಾಳೆ. ಅವಳ ಪ್ರಶ್ನೆಯನ್ನೇ ಮರುದಿನದ ಪಾಠ ಮಾಡಿ. ಆಮೇಲೆ ನೋಡಿ.

ಒಂದು ಎಚ್ಚರಿಕೆ. ತಪ್ಪನ್ನು ತಾನಾಗಿ ಬಂದು ಹೇಳಿದ ಮಗುವಿಗೆ ಯಾವ ಕಾರಣಕ್ಕೂ ಬೈಯಬೇಡಿ. ಒಂದು ಸಲ ಎಲ್ಲರ ಮುಂದೆ ಬೈದರೆ ಒಂದು ತಿಂಗಳು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಇದಕ್ಕೆ ಬೇರೆ ಪೀರಿಯಡ್ ಬೇಕಾ?

ಕಾಲೇಜುಗಳಿಗೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರಲ್ಲಿ 'ಜೀವನ ಕೌಶಲ' ಎಂಬ ಪಠ್ಯಕ್ರಮವನ್ನೇ ತಂದಿದೆ. ಸಮಯವಿದ್ದರೆ ಒಳ್ಳೆಯದೇ. ನಮ್ಮಲ್ಲಿ ರಾತ್ರಿ ಸಿಗುವುದೇ ಎರಡೂವರೆ ಗಂಟೆ, ಅದರಲ್ಲಿ ಪೋರ್ಷನ್ ಮುಗಿಸಬೇಕು. ಹಾಗಾಗಿ ಪಾಠದೊಳಗೇ ಸೇರಿಸುತ್ತೇವೆ. ನಿಜ ಹೇಳಬೇಕೆಂದರೆ, ಸಮಯ ಜಾಸ್ತಿ ಇದ್ದರೂ ನಾನು ಹಾಗೇ ಮಾಡುತ್ತಿದ್ದೆ. ಸುಮ್ನೆ ಬೋರ್ಡಿನ ಮೇಲೆ 'ತಂಡದ ಕೆಲಸ' ಎಂದು ಬರೆದು ಅದರ ಐದು ಲಾಭ ಬರೆಸಿದರೆ ಮಕ್ಕಳು ಅದನ್ನೂ ಬಾಯಿಪಾಠ ಮಾಡುತ್ತಾರೆ.

ಒಂದು ಸಣ್ಣ ಬದಲಾವಣೆ ಇವತ್ತೇ ಮಾಡಬಹುದು. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳಲ್ಲಿ ಕೂತು ಅಳೆದು ನೋಡಿದರು. ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸುಮಾರು ಒಂದೇ ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಯಾವತ್ತೂ ಮಾತಾಡದ ಮಕ್ಕಳೂ ಬಾಯಿ ತೆರೆದರು. ನಾನು ಮನಸ್ಸಿನಲ್ಲೇ "ದಾದರ್, ಮಾಟುಂಗಾ, ಸಾಯನ್" ಎಂದು ಎಣಿಸಿಕೊಳ್ಳುತ್ತೇನೆ. ಮೂರು ಸ್ಟೇಷನ್ ದಾಟುವಷ್ಟರಲ್ಲಿ ಯಾರಾದರೂ ಕೈ ಎತ್ತಿರುತ್ತಾರೆ.

ಗುಂಪು ಕೆಲಸ ಕೊಟ್ಟರೆ ಒಬ್ಬಳೇ ಮಾಡುತ್ತಾಳೆ, ಉಳಿದವರು ಹರಟೆ. ಏನು ಮಾಡುವುದು?

ಎಲ್ಲರಿಗೂ ಒಂದೇ ಕೆಲಸ ಕೊಟ್ಟರೆ ಹಾಗೇ ಆಗುತ್ತದೆ. ಪ್ರತಿಯೊಬ್ಬರ ಕೈಯಲ್ಲೂ ಬೇರೆಯವರ ಹತ್ತಿರ ಇಲ್ಲದ ಒಂದು ತುಂಡು ಇರಬೇಕು. 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನಲ್ಲಿ ಬಿಳಿಯ ಮಕ್ಕಳು, ಕರಿಯ ಮಕ್ಕಳು, ಮೆಕ್ಸಿಕೋ ಮೂಲದ ಮಕ್ಕಳು ಒಂದೇ ಶಾಲೆಗೆ ಬಂದಾಗ ಜಗಳಗಳಾದವು. ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ ಅಲ್ಲಿ 'ಜಿಗ್ಸಾ' ಎಂಬ ವಿಧಾನ ತಂದರು. ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ಪ್ರತಿಯೊಬ್ಬರೂ ತಮ್ಮ ತುಂಡನ್ನು ಕಲಿತು ಉಳಿದವರಿಗೆ ಕಲಿಸಬೇಕು. ಪಕ್ಕದವನ ಮಾತು ಕೇಳದೆ ಪೂರ್ತಿ ಪಾಠ ಸಿಗುವುದೇ ಇಲ್ಲ.

ನಾವು ಇದನ್ನು ಡಬ್ಬಾವಾಲರ, ಅಂದರೆ ಮನೆಯೂಟದ ಡಬ್ಬಿಯನ್ನು ಆಫೀಸಿಗೆ ತಲುಪಿಸುವವರ, ಕುರಿತ ಪಾಠದಲ್ಲಿ ಮಾಡಿದೆವು. ಮುಂಬೈಯಲ್ಲಿ ಡಬ್ಬಾವಾಲರ ಕೆಲಸ ಶುರುವಾಗಿದ್ದು 1890ರಲ್ಲಿ. ಒಂದು ಡಬ್ಬಿ ಮನೆಯಿಂದ ಆಫೀಸಿನ ಮೇಜಿಗೆ ಹೋಗುವಷ್ಟರಲ್ಲಿ ಹಲವು ಕೈ ದಾಟುತ್ತದೆ. ಒಬ್ಬರು ಮನೆಮನೆಯಿಂದ ತರುತ್ತಾರೆ, ಸ್ಟೇಷನ್ನಿನಲ್ಲಿ ವಿಂಗಡಣೆ, ಆಮೇಲೆ ಲೋಕಲ್, ಇಳಿದ ಮೇಲೆ ಮತ್ತೆ ವಿಂಗಡಣೆ, ಕೊನೆಗೆ ತಲುಪಿಸುವವರು. ದಾರಿ ತೋರಿಸುವುದು ಮುಚ್ಚಳದ ಮೇಲಿನ ಬಣ್ಣ, ಅಕ್ಷರ, ಅಂಕಿ. ಎಲ್ಲಿಂದ ಬಂತು, ಯಾವ ಸ್ಟೇಷನ್ನಿಗೆ, ಯಾವ ಕಟ್ಟಡ, ಎಷ್ಟನೇ ಮಾಳಿಗೆ, ಎಲ್ಲ ಅಷ್ಟರಲ್ಲೇ. ಐವರ ಗುಂಪು, ಒಬ್ಬೊಬ್ಬರಿಗೆ ಒಂದೊಂದು ಹಂತ ಕೊಟ್ಟೆ. ಆಮೇಲೆ ನಮ್ಮ ಶಾಲೆಯ ಕೋಣೆಗಳಿಗೇ ಗುರುತು ಬರೆಯಲು ಹೇಳಿ, ಖಾಲಿ ಟಿಫಿನ್ ಡಬ್ಬಿಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಮಾತಾಡುವ ಹಾಗಿಲ್ಲ, ಗುರುತು ಮಾತ್ರ ಓದಬೇಕು.

ಒಂದು ಗುಂಪಿನ ಮೂರು ಡಬ್ಬಿ ತಪ್ಪು ಕೋಣೆಗೆ ಹೋದವು. ಬರೆದ ಹುಡುಗನಿಗೆ ಅದು 7. ಓದಿದವಳಿಗೆ 1. ಆ ದಿನದಿಂದ ಅವನ 7ಕ್ಕೆ ನಡುವೆ ಒಂದು ಅಡ್ಡಗೆರೆ ಬಂದಿದೆ. ಹೇಳುವವನು ಹೇಳಿದರೆ ಸಾಲದು, ಮುಂದಿನ ಕೈಗೆ ಅದು ಹೇಗೆ ಮುಟ್ಟುತ್ತದೆ ಎಂದು ಯೋಚಿಸಬೇಕು ಎನ್ನುವುದು ಅವನಿಗೆ ಆ 7ರಿಂದ ತಿಳಿಯಿತು.

ಇಂಗ್ಲಿಷ್ ಸರಿಯಾಗಿ ಬರದ ಮಕ್ಕಳಿಗೆ ಇದನ್ನೆಲ್ಲ ಕಲಿಸಿ ಏನು ಪ್ರಯೋಜನ?

ಈ ಪ್ರಶ್ನೆ ನನಗೆ ಬೇಸರ ತರುತ್ತದೆ, ಆದರೆ ಕೇಳುವವರ ಆತಂಕ ಅರ್ಥವಾಗುತ್ತದೆ. ಇಂಗ್ಲಿಷ್ ಬೇಕು, ಕಲಿಸೋಣ. ಅದು ಬರುವವರೆಗೆ ಕಾಯಬೇಕಾಗಿಲ್ಲ. ನಮ್ಮ ಮಕ್ಕಳನ್ನು ನೋಡಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಉತ್ತರ ಕರ್ನಾಟಕದ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಬೀದಿಯಲ್ಲಿ ಹಿಂದಿ, ಬಸ್ಸಿನಲ್ಲಿ ಮರಾಠಿ. ಯಾರ ಜೊತೆ ಯಾವ ಭಾಷೆ ಎಂದು ಕ್ಷಣದಲ್ಲಿ ಬದಲಾಯಿಸುತ್ತಾರೆ. ಎದುರಿನವರನ್ನು ಗಮನಿಸದೆ ಅದು ಆಗುವುದಿಲ್ಲ.

ತಿದ್ದಬೇಕಾದ್ದು ಬೇರೆ ಕಡೆ ಇದೆ. ಮನೆಯಲ್ಲಿ ಅಣ್ಣನಿಗೂ "ನೀವು" ಎನ್ನುವ ಹುಡುಗ ಗಿರಾಕಿಗೆ ಫೋನಿನಲ್ಲಿ "ತೂ ಕಬ್ ಆಯೇಗಾ" (ನೀನು ಯಾವಾಗ ಬರ್ತೀಯಾ) ಎನ್ನುತ್ತಾನೆ. ಅಹಂಕಾರದಿಂದಲ್ಲ. ಅವನು ಹಿಂದಿ ಕಲಿತಿದ್ದು ಗಲ್ಲಿಯ ಕ್ರಿಕೆಟ್ಟಿನಲ್ಲಿ. ಹಾಗಾಗಿ ಫೋನ್ ಆಟ ಆಡಿಸುತ್ತೇವೆ. ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರನ್ನು ಕೂರಿಸಿ, ಒಬ್ಬರು ಗಿರಾಕಿ, ಒಬ್ಬರು ಅಂಗಡಿ. ಕನ್ನಡದ "ನೀವು" ಹಿಂದಿಯಲ್ಲಿ "ಆಪ್", ಮರಾಠಿಯಲ್ಲಿ "ತುಮ್ಹಿ" ಎಂದು ಮೂರೂ ಭಾಷೆಯಲ್ಲಿ ಅದೇ ಮಾತು ಆಡಿಸುತ್ತೇವೆ. ಮುಖ ಕಾಣದ ಕಾರಣ ದನಿಯಲ್ಲೇ ಎಲ್ಲ ತೋರಬೇಕು.

ತುಂಬಾ ನಾಚಿಕೆಯ ಮಕ್ಕಳನ್ನು ಒತ್ತಾಯ ಮಾಡಬೇಕಾ?

ಬೇಡ. ಮೊದಲು ಬರೆಯಲಿ, ಆಮೇಲೆ ಪಕ್ಕದವರಿಗೆ ಹೇಳಲಿ, ಆಮೇಲೆ ಎಲ್ಲರಿಗೆ. ಕಡಿಮೆ ಮಾತಾಡುವುದು ದೋಷವಲ್ಲ. ಬೇಕಾದಾಗ ಬೇಕಾದ ಒಂದು ವಾಕ್ಯ ಹೊರಗೆ ಬಂದರೆ ಸಾಕು.

ಸಮಯಪಾಲನೆ ಕಲಿಸುತ್ತೇವೆ. ಆದರೆ ಮುಂಬೈಯಲ್ಲಿ ಗಾಡಿ ಲೇಟಾದರೆ ಯಾರು ಏನು ಮಾಡಲಿಕ್ಕಾಗುತ್ತದೆ?

ಗಾಡಿಯನ್ನು ಸರಿಮಾಡಲಿಕ್ಕಾಗುವುದಿಲ್ಲ, ಸುದ್ದಿ ಮುಟ್ಟಿಸಬಹುದು. ಭಾನುವಾರದ ಮೆಗಾ ಬ್ಲಾಕ್ (ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವುದು) ಮೊದಲೇ ಪ್ರಕಟವಾಗುತ್ತದೆ. ಮಳೆಗಾಲದಲ್ಲಿ ಕುರ್ಲಾ, ಸಾಯನ್ ಹತ್ತಿರ ಹಳಿಗೆ ನೀರು ಬರುವುದು ಹೊಸದಲ್ಲ. ಮೊದಲೇ ಗೊತ್ತಿರುವ ಅಡ್ಡಿಗೆ ಒಂದು ಗಾಡಿ ಮುಂಚೆ ಹೊರಡಬೇಕು. ಗೊತ್ತಿಲ್ಲದ ಅಡ್ಡಿಯಾದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗಲೇ ಸಂದೇಶ ಹೋಗಬೇಕು. ತಲುಪಿದ ಮೇಲೆ ಕೊಡುವ ಕಾರಣ ಎಷ್ಟೇ ನಿಜವಿದ್ದರೂ ಅಷ್ಟು ಹೊತ್ತು ಕಾದವರಿಗೆ ಉಪಯೋಗವಿಲ್ಲ. ನಮ್ಮ ತರಗತಿಯಲ್ಲಿ ಇದೇ ನಿಯಮ: ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವುದಿಲ್ಲ. ಮೊದಲೇ ತಿಳಿಸಿದ್ದರಾ ಎಂದು ಮಾತ್ರ ಕೇಳುತ್ತೇವೆ.

ವಾಟ್ಸಾಪ್‌ನಲ್ಲಿ ಸಂದೇಶ ಬರೆಯುವುದನ್ನೂ ಕಲಿಸಬೇಕಾ?

ಖಂಡಿತ ಬೇಕು. ಈಗ ರಜೆ ಅರ್ಜಿ ಅದರಲ್ಲೇ ಹೋಗುತ್ತದೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಬರೆದಿದ್ದು: "ಸರ್ ಇವತ್ತು ಬರಲ್ಲ." ಇಷ್ಟೇ. ತರಗತಿಯಲ್ಲಿ ಎಲ್ಲರೂ ಕೂತು, ಅಂಗಡಿಯವರಿಗೆ ಆ ಹೊತ್ತಿಗೆ ಏನೇನು ಗೊತ್ತಾಗಬೇಕು ಎಂದು ಯೋಚಿಸಿದೆವು. ಕೊನೆಗೆ ಹೀಗಾಯಿತು: "ನಮಸ್ಕಾರ ಸರ್. ಅಮ್ಮನಿಗೆ ಜ್ವರ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಇವತ್ತು ಒಂದು ದಿನ ರಜೆ ಬೇಕು. ಸ್ಟಾಕ್ ಪುಸ್ತಕ ಗಲ್ಲೆಯ ಕೆಳಗಿನ ಡ್ರಾಯರಿನಲ್ಲಿದೆ. ನಾಳೆ ಬೆಳಿಗ್ಗೆ 9ಕ್ಕೆ ಬರುತ್ತೇನೆ." ಸ್ಟಾಕ್ ಪುಸ್ತಕದ ಸಾಲನ್ನು ಸೇರಿಸಿದ್ದು ಅವಳೇ. ನಾನು ಅದನ್ನು ಯೋಚಿಸಿರಲಿಲ್ಲ.

ಇದಕ್ಕೆ ಅಂಕ ಕೊಡುವುದು ಹೇಗೆ?

ನಾವು ಕೊಡುವುದಿಲ್ಲ. ಅಂಕ ಬಂದ ಕೂಡಲೇ ಮಕ್ಕಳು ನಮ್ಮನ್ನು ಮೆಚ್ಚಿಸಲು ಮಾತಾಡುತ್ತಾರೆ. ಮೂರು ಸಾಲಿನ ಪುಸ್ತಕವನ್ನು ತಿಂಗಳಿಗೊಮ್ಮೆ ಓದಿ, ಪ್ರತಿಯೊಬ್ಬರಿಗೂ ಎರಡು ಮಾತು ಬರೆದುಕೊಡುತ್ತೇನೆ. ಸಮಯ ಹಿಡಿಯುತ್ತದೆ, ನಿಜ.

ವಿನಯ, ಹೊಂದಾಣಿಕೆ ಎಂದೆಲ್ಲ ಕಲಿಸಿದರೆ ಮಕ್ಕಳು ಹೇಳಿದ್ದಕ್ಕೆಲ್ಲ ತಲೆ ಬಾಗಿಸುವವರಾಗುತ್ತಾರೆ ಅಲ್ವಾ?

ಈ ಭಯ ನನಗೂ ಇದೆ. ಅದಕ್ಕೇ "ಇಲ್ಲ" ಎನ್ನುವುದನ್ನು ಪಾಠದಲ್ಲಿ ಸೇರಿಸಿದ್ದೇವೆ. ವಿನಯದಿಂದಲೇ, ಆದರೆ ಸ್ಪಷ್ಟವಾಗಿ. "ಸಾಹೇಬ್, ನನ್ನ ಕ್ಲಾಸು ಇದೆ, ಆರೂವರೆಗೆ ಹೊರಡಬೇಕು. ಉಳಿದದ್ದು ನಾಳೆ ಬೆಳಿಗ್ಗೆ ಬೇಗ ಬಂದು ಮುಗಿಸುತ್ತೇನೆ." ಇದನ್ನು ಹತ್ತು ಸಲ ಹೇಳಿಸಿ. ಮೊದಲ ಸಲ ದನಿ ನಡುಗುತ್ತದೆ, ಹತ್ತನೇ ಸಲಕ್ಕೆ ನೆಟ್ಟಗಾಗುತ್ತದೆ.

ಕೆಲಸದ ನಡವಳಿಕೆ ಕಲಿಸುವವರು ಕೆಲಸದ ಹಕ್ಕನ್ನೂ ಹೇಳಲೇಬೇಕು. ವಾರದ ರಜೆ, ಹೆಚ್ಚು ಹೊತ್ತು ದುಡಿದರೆ ಅದಕ್ಕೆ ಹೆಚ್ಚು ಕೂಲಿ, ಇವು ಯಾರೂ ದಯೆಯಿಂದ ಕೊಡುವಂಥದ್ದಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಕಾನೂನು ಬಂದಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ದೂರು ಕೇಳುವ ಒಂದು ಆಂತರಿಕ ಸಮಿತಿ ಇರಲೇಬೇಕು. ಸಣ್ಣ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು. ತರಬೇತಿಗೆ ಬಂದವರಿಗೂ ಈ ಕಾನೂನಿನ ರಕ್ಷಣೆ ಇದೆ. ಹುಡುಗಿಯರಿಗೆ ಮಾತ್ರ ಬೇರೆ ಕರೆದು ಹೇಳಬೇಡಿ. ಹುಡುಗರೂ ಅದೇ ಕೋಣೆಯಲ್ಲಿ ಕೂತು ಕೇಳಲಿ.

ಅನುಭವ ಆಗಲಿ ಎಂದು ಶಾಲಾ ಮಕ್ಕಳನ್ನು ರಜೆಯಲ್ಲಿ ಕೆಲಸಕ್ಕೆ ಕಳಿಸಬಹುದಾ?

14 ವರ್ಷ ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿಯ ನಂತರ, 14ರಿಂದ 18ರವರನ್ನು ಅಪಾಯದ ಕೆಲಸಗಳಿಗೆ ಹಾಕುವುದೂ ಅಪರಾಧ. ಅನುಭವ ಬೇಕಿದ್ದರೆ ನೋಡಲು ಕರೆದುಕೊಂಡು ಹೋಗಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರರಂಥವರ ಹತ್ತಿರ ಕಲಿಯಲಿ ಎನ್ನುತ್ತದೆ. ನಾವು ಒಂದು ಪ್ರೆಸ್ಸಿಗೆ ಹೋಗಿದ್ದೆವು. ಮಕ್ಕಳು ಅರ್ಧ ದಿನ ಪ್ರೂಫ್ ನೋಡುವವರ ಪಕ್ಕ ಕೂತರು. ಅಷ್ಟು ಸಾಕಾಯಿತು.

ಹಗಲು ದುಡಿಯುವ ಮಕ್ಕಳಿಗೆ ಇದೆಲ್ಲ ಗೊತ್ತೇ ಇರುತ್ತದಲ್ಲ? ಹೊಸದಾಗಿ ಕಲಿಸುವುದು ಏನಿದೆ?

ಗೊತ್ತಿರುತ್ತದೆ, ಆದರೆ ಗೊತ್ತಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಉಡುಪಿ, ದಕ್ಷಿಣ ಕನ್ನಡದ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಜನ ಈ ಊರಿನಲ್ಲಿ ಬ್ಯಾಂಕಿಗೆ, ಕೋರ್ಟಿಗೆ, ಕಾಲೇಜಿಗೆ ಹೋಗಿದ್ದಾರೆ. ಅವರಿಗೆ ಜನರ ಜೊತೆ ನಡೆದುಕೊಳ್ಳುವುದನ್ನು ಕಲಿಸಿದ್ದು ಆ ಹೋಟೆಲೇ. ಆದರೆ ಸಂದರ್ಶನದಲ್ಲಿ "ಏನು ಅನುಭವ ಇದೆ?" ಎಂದು ಕೇಳಿದರೆ ನಮ್ಮ ಮಕ್ಕಳು "ಏನಿಲ್ಲ ಸರ್, ಕ್ಯಾಂಟೀನಿನಲ್ಲಿದ್ದೆ" ಎನ್ನುತ್ತಾರೆ, ತಲೆ ತಗ್ಗಿಸಿ. ನನಗೆ ಹೊಟ್ಟೆ ಚುರುಕ್ ಎನ್ನುತ್ತದೆ. ಮಧ್ಯಾಹ್ನದ ರಶ್ಶಿನಲ್ಲಿ ಎಷ್ಟು ಟೇಬಲ್ ನೋಡಿಕೊಳ್ಳುತ್ತಿದ್ದೆ, ಸಿಟ್ಟಾದ ಗಿರಾಕಿಗೆ ಏನು ಹೇಳುತ್ತಿದ್ದೆ, ಗಲ್ಲೆಯಲ್ಲಿ ಲೆಕ್ಕ ತಪ್ಪಿದ ದಿನ ಏನು ಮಾಡಿದೆ? ಇದನ್ನು ಬರೆಸಿ, ಗಟ್ಟಿಯಾಗಿ ಓದಿಸಿ. ಚಾ ಆರ್ಡರಿನ ಆ ಹುಡುಗ ಹೀಗೆ ಒಂದು ಪುಟ ಬರೆದಿದ್ದ. ಓದಿ ಮುಗಿಸಿದ ಮೇಲೆ "ಸರ್, ಇದೆಲ್ಲ ನಾನೇ ಮಾಡಿದ್ದಾ?" ಎಂದು ಕೇಳಿದ.

ಹೊರಗಿನಿಂದ ತಜ್ಞರನ್ನು ಕರೆಸಬೇಕಾ?

ದೊಡ್ಡ ಭಾಷಣದವರು ಬೇಡ. ಎರಡು ಮೂರು ವರ್ಷ ಹಿಂದೆ ಇದೇ ಬೆಂಚಿನಲ್ಲಿ ಕೂತಿದ್ದವರನ್ನು ಕರೆಸಿ. ಕರೆಯುವಾಗ ಒಂದೇ ಒಂದು ಕೋರಿಕೆ ಇಡಿ: ಕೆಲಸಕ್ಕೆ ಸೇರಿದ ಮೇಲೆ ಮಾಡಿದ ಮೊದಲ ತಪ್ಪು ಯಾವುದು, ಅದನ್ನು ಯಾರಿಗೆ, ಯಾವಾಗ ಹೇಳಿದೆ, ಆಮೇಲೆ ಏನಾಯಿತು. ಹತ್ತು ನಿಮಿಷ ಸಾಕು. ನಮ್ಮಲ್ಲಿ ಎಂಟೂವರೆಗೆ ಕರೆಯುತ್ತೇವೆ. ಆಗ ಬರುವವರಿಗೂ ಆಫೀಸು ಮುಗಿದಿರುತ್ತದೆ, ಕೊನೆಯ ಐದು ನಿಮಿಷಕ್ಕೆ ಮೂರು ಸಾಲು ಬರೆಯಲು ಮಕ್ಕಳಿಗೂ ಸಮಯ ಉಳಿಯುತ್ತದೆ.